ಹೊಗೆ ಬಿಟ್ಟ ಮೇಲಿನ ದಿನಗಳು

ಧೂಮಪಾನದ ಕೇಡುಗಳನ್ನು ಕುರಿತ ಬರಹಗಳಿಗೆ ನಮ್ಮಲ್ಲಿ ಬರವಿಲ್ಲ. ಪಠ್ಯಪುಸ್ತಕದಲ್ಲಿ ಪಾಠವಾಗಿ ಬರುತ್ತದೆ, ಚಲನಚಿತ್ರ ಆರಂಭವಾಗುವ ಮುನ್ನ ಎಚ್ಚರಿಕೆಯಾಗಿ ಬರುತ್ತದೆ, ಸಿಗರೇಟಿನ ಪೊಟ್ಟಣದ ಮೇಲೆಯೇ ಚಿತ್ರಸಮೇತ ಬರುತ್ತದೆ. ನಾನೂ ಮೂವತ್ತೈದು ವರ್ಷಗಳ ಅಧ್ಯಾಪನದಲ್ಲಿ ‘ಧೂಮಪಾನದ ದುಷ್ಪರಿಣಾಮಗಳು’ ಎಂಬ ಪ್ರಬಂಧವನ್ನು ಎಷ್ಟು ಮಕ್ಕಳಿಂದ ಬರೆಸಿದೆನೋ ಲೆಕ್ಕವಿಲ್ಲ. ಆದರೆ ಸೇದುವುದನ್ನು ಬಿಟ್ಟ ಮರುದಿನ ಬೆಳಿಗ್ಗೆ ಮನುಷ್ಯನಿಗೆ ಏನಾಗುತ್ತದೆ, ಮೂರನೆಯ ದಿನ ಏನಾಗುತ್ತದೆ, ಮೂರನೆಯ ತಿಂಗಳಲ್ಲಿ ಏನಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಬಿಡು ಎಂದು ಹೇಳಿ ಎಲ್ಲರೂ ಎದ್ದು ಹೋಗುತ್ತಾರೆ. ಬಿಟ್ಟವನೂ ಅವನ ಮನೆಯವರೂ ಆಮೇಲಿನ ದಿನಗಳನ್ನು ತಾವೇ ದಾಟಬೇಕು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿರುವವನು, ದೂರವಾಣಿಯಲ್ಲಿ ಅದೂ ಇದೂ ಮಾತನಾಡಿ ಕೊನೆಗೆ, “ಮೇಡಂ, ಬಿಡಬೇಕು ಅಂತಿದೀನಿ. ನಿಮ್ಮನೆ ಸಾಹೇಬ್ರು ಬಿಟ್ಟಾಗ ಹೇಗಿತ್ತು? ನಿಜ ಹೇಳಿ” ಎಂದು ಕೇಳಿದ. ಅವನಿಗೆ ಆಗ ಹೇಳಿದ್ದು ಸ್ವಲ್ಪ, ಹೇಳಬೇಕಾಗಿದ್ದದ್ದು ಬಹಳ. ನಾನು ಸೇದಿದವಳಲ್ಲ. ಸೇದುವವರೊಂದಿಗೆ ಮೂವತ್ತು ವರ್ಷ, ಬಿಟ್ಟವರೊಂದಿಗೆ ಸುಮಾರು ಇಪ್ಪತ್ತು ವರ್ಷ ಬಾಳಿದವಳು, ಅಷ್ಟೇ. ನಮ್ಮ ಯಜಮಾನರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕರಡನ್ನು ಓದಿ ಎರಡು ಕಡೆ ತಿದ್ದಿಸಿದ್ದಾರೆ; ಒಂದು ಕಡೆ “ಇಷ್ಟೊಂದು ಕೂಗಾಡಿರಲಿಲ್ಲ” ಎಂದು ಆಕ್ಷೇಪಿಸಿದ್ದಾರೆ. ಆ ವಾಕ್ಯವನ್ನು ನಾನು ತೆಗೆದಿಲ್ಲ.

ಮೊದಲು ಊರಿನ ವಿಷಯ ಹೇಳಿಬಿಡುತ್ತೇನೆ. ನಾನು ಸೇವೆ ಸಲ್ಲಿಸಿದ್ದು ಪಿರಿಯಾಪಟ್ಟಣ, ಹುಣಸೂರು ಸೀಮೆಯ ಹಳ್ಳಿಗಳಲ್ಲಿ. ಕರ್ನಾಟಕದಲ್ಲಿ ವರ್ಜೀನಿಯಾ ತಂಬಾಕು ಬೆಳೆಯುವ ಮುಖ್ಯ ನೆಲ ಅದೇ. ಆಷಾಢ, ಶ್ರಾವಣಗಳಲ್ಲಿ ಸೊಪ್ಪು ಮುರಿಯುವ ಕಾಲ ಬಂತೆಂದರೆ ತರಗತಿಯ ಹಾಜರಿ ಇಳಿಯುತ್ತಿತ್ತು. ಮುರಿದ ಸೊಪ್ಪನ್ನು ಕೋಲುಗಳಿಗೆ ಕಟ್ಟಿ, ಬ್ಯಾರನ್ನಿನೊಳಗೆ ತೂಗುಹಾಕಿ, ಸೌದೆಯ ಶಾಖದಲ್ಲಿ ಐದಾರು ದಿನ ಹದಗೊಳಿಸುತ್ತಾರೆ. ಮಳೆಯಲ್ಲಿ ತೊಯ್ದ ಗಿಡಗಳ ನಡುವೆ ಮುಂಜಾನೆ ಕೆಲಸ ಮಾಡಿ ಬಂದ ಮಕ್ಕಳು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುವುದನ್ನೂ, ಹೊರಗೆ ಓಡಿಹೋಗಿ ವಾಂತಿ ಮಾಡುವುದನ್ನೂ ಎಷ್ಟೋ ಸಲ ಕಂಡಿದ್ದೇನೆ. ಎಲೆಯ ಮೇಲಿನ ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕವೇ ರಕ್ತವನ್ನು ಸೇರುವುದರಿಂದ ಹಾಗಾಗುತ್ತದೆ. ಅಂದರೆ ಮನುಷ್ಯನ ದೇಹವು ಈ ವಸ್ತುವನ್ನು ಮೊದಲು ಕಂಡಾಗ ಬೇಡವೆಂದೇ ಹೇಳುತ್ತದೆ. ನಮ್ಮವರೂ ೧೯೭೧ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೊದಲ ಸಿಗರೇಟು ಸೇದಿ ತಲೆ ತಿರುಗಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದರಂತೆ. ಬೇಡವೆಂದ ದೇಹವೇ ಕೆಲವು ವಾರಗಳಲ್ಲಿ ಬೇಕೆನ್ನಲು ಕಲಿಯುತ್ತದೆ. ಅದು ಕಲಿತದ್ದನ್ನು ಮರೆಯಿಸುವ ಕೆಲಸವೇ ಬಿಡುವುದೆಂದರೆ. ಮಕ್ಕಳಿಗೆ ಪಾಠ ಹೇಳಿದವರಿಗೆ ಗೊತ್ತು, ಕಲಿಸುವುದಕ್ಕಿಂತ ಮರೆಯಿಸುವುದು ಕಷ್ಟ.

ಅವರು ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕರಾಗಿದ್ದರು. ದಿನಕ್ಕೆ ಹದಿನೆಂಟರಿಂದ ಇಪ್ಪತ್ತು ಸಿಗರೇಟು. ತಿಂಗಳ ಕೊನೆಯಲ್ಲಿ ಬೀಡಿ. ೨೦೦೫ರ ಚಳಿಗಾಲದಲ್ಲಿ ಹಿಡಿದ ಕೆಮ್ಮು ಬಿಡಲೇ ಇಲ್ಲ. ಮೈಸೂರಿನ ಎದೆರೋಗದ ವೈದ್ಯರೊಬ್ಬರು ಒಂದು ಕೊಳವೆಯನ್ನು ಕೈಗೆ ಕೊಟ್ಟು, ಇರುವ ಉಸಿರನ್ನೆಲ್ಲ ಒಮ್ಮೆಗೇ ಊದಲು ಹೇಳಿದರು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬೀಳುತ್ತದೆ ಎಂಬುದೇ ಆ ಪರೀಕ್ಷೆಯ ತಿರುಳು. ಬಂದ ಅಂಕಿಯನ್ನು ನೋಡಿ ವೈದ್ಯರು ಬೈಯಲಿಲ್ಲ, ಹೆದರಿಸಲೂ ಇಲ್ಲ. “ಹೋದದ್ದು ವಾಪಸ್ಸು ಬರಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳಬಹುದು” ಎಂದರು. ೧೯೭೭ರಲ್ಲಿ ಇಂಗ್ಲೆಂಡಿನ ಫ್ಲೆಚರ್ ಮತ್ತು ಪೀಟೊ ಎಂಬವರು ತೋರಿಸಿಕೊಟ್ಟದ್ದೂ ಇದನ್ನೇ. ವಯಸ್ಸಾದಂತೆ ಎಲ್ಲರ ಶ್ವಾಸಕೋಶದ ಶಕ್ತಿಯೂ ವರ್ಷವರ್ಷ ಒಂದಿಷ್ಟು ಇಳಿಯುತ್ತದೆ. ಹೊಗೆ ನಾಟುವ ದೇಹದವರಲ್ಲಿ ಬಹುಬೇಗ ಇಳಿಯುತ್ತದೆ. ಬಿಟ್ಟರೆ ಕಳೆದುಹೋದದ್ದು ಮರಳದು, ಆದರೆ ಇಳಿಯುವ ವೇಗ ಸೇದದವರ ಮಟ್ಟಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಓಡುವವನು ನಡೆಯತೊಡಗಿದ ಹಾಗೆ. ಬಿಟ್ಟರೆ ಎಲ್ಲವೂ ಮೊದಲಿನಂತಾಗುತ್ತದೆ ಎಂದು ಆಸೆ ಹುಟ್ಟಿಸುವವರಿಗಿಂತ ಆ ವೈದ್ಯರ ಮಾತು ನನಗೆ ಹೆಚ್ಚು ಹಿಡಿಸಿತು.

೨೦೦೬ರ ಸಂಕ್ರಾಂತಿಯ ಮರುದಿನ ಬಿಟ್ಟರು. ಔಷಧಿಯೂ ಬೇಡ, ನಿಕೋಟಿನ್ ಗಮ್ಮೂ ಬೇಡ, ಮನಸ್ಸು ಗಟ್ಟಿಯಿದ್ದರೆ ಸಾಕು ಎಂಬುದು ಅವರ ಅಂದಿನ ಪಂಥ.

ಆ ಮೊದಲ ದಿನ ದೇಹದೊಳಗೆ ನಡೆಯುವುದು ಬಹುಮಟ್ಟಿಗೆ ಒಳ್ಳೆಯದೇ. ಕೊನೆಯ ಸಿಗರೇಟು ಆರಿದ ಇಪ್ಪತ್ತು ನಿಮಿಷಗಳಲ್ಲಿ ನಾಡಿಯ ಬಡಿತವೂ ರಕ್ತದೊತ್ತಡವೂ ಇಳಿಯತೊಡಗುತ್ತವೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಜಾಗವನ್ನು ಆಕ್ರಮಿಸಿ ರಕ್ತದಲ್ಲಿ ಕುಳಿತಿರುತ್ತದೆ. ಒಂದೆರಡು ದಿನಗಳೊಳಗೆ ಅದು ಹೊರಟುಹೋಗುತ್ತದೆ. ವಿಪರ್ಯಾಸವೆಂದರೆ, ದೇಹಕ್ಕೆ ಒಳ್ಳೆಯದಾಗುತ್ತಿರುವ ಈ ಹೊತ್ತಿನಲ್ಲೇ ಮನುಷ್ಯನಿಗೆ ಅತ್ಯಂತ ಕೆಟ್ಟದೆನಿಸುತ್ತದೆ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ಅಲ್ಲಿ ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳಿವೆ. ವರ್ಷಗಟ್ಟಲೆ ಸೇದಿದವರಲ್ಲಿ ಅವುಗಳ ಸಂಖ್ಯೆಯೇ ಹೆಚ್ಚಿರುತ್ತದೆ. ರಕ್ತದಲ್ಲಿ ಸೇರಿದ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುವುದರಿಂದ, ಎಲೆ ಹಾಕಿ ಕುಳಿತ ಪಂಕ್ತಿಗೆ ಬಡಿಸುವವರೇ ಬಾರದಂತೆ ಆ ಗ್ರಾಹಕಗಳೆಲ್ಲ ಒಮ್ಮೆಗೇ ಗಲಾಟೆ ಎಬ್ಬಿಸುತ್ತವೆ. ಈ ಗಲಾಟೆ ಬಿಟ್ಟ ದಿನವೇ ಶುರುವಾಗಿ, ಎರಡನೆಯ ಮೂರನೆಯ ದಿನ ಶಿಖರ ಮುಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಹೆಚ್ಚಾದ ಗ್ರಾಹಕಗಳು ಮಾಮೂಲು ಸಂಖ್ಯೆಗೆ ಬರಲು ಒಂದೂವರೆಯಿಂದ ಮೂರು ತಿಂಗಳು ಹಿಡಿಯುತ್ತದೆ.

ಇಷ್ಟು ತಿಳಿದಿದ್ದರೆ ನಮ್ಮ ಮನೆಯ ಮೂರನೆಯ ದಿನ ಸ್ವಲ್ಪ ಹಗುರವಾಗುತ್ತಿತ್ತೇನೋ. ಮೊದಲ ದಿನ ಅವರು ಹಬ್ಬದ ಹುಮ್ಮಸ್ಸಿನಲ್ಲೇ ಇದ್ದರು. ಎರಡನೆಯ ದಿನ ಮೌನ. ಮೂರನೆಯ ದಿನ ಹಾಲಿನವನ ಮೇಲೆ, ಪಕ್ಕದ ಮನೆಯ ರೇಡಿಯೋದ ಮೇಲೆ, ತಿರುಪತಿಯಿಂದ ಬಂದಿದ್ದ ನೆಂಟರ ಮೇಲೆ ಕೂಗಾಡಿದರು. ಸಂಜೆ ಪುಸ್ತಕದ ಬೀರುವಿನ ಬಾಗಿಲು ತೆರೆಯಲಿಲ್ಲವೆಂದು ಅದನ್ನು ಒದ್ದರು. ಮೂವತ್ತು ವರ್ಷಗಳಲ್ಲಿ ನನ್ನೆದುರು ದನಿಯೆತ್ತದಿದ್ದ ಮನುಷ್ಯ ಅವರು. ಒದ್ದ ಮೇಲೆ ತಮ್ಮ ಕಾಲನ್ನೇ ಬೆರಗಿನಿಂದ ನೋಡಿಕೊಂಡರು. ಆ ರಾತ್ರಿ ದೀಪ ಆರಿಸಿದ ಮೇಲೆ, “ನನ್ನೊಳಗೆ ಬೇರೆ ಯಾರೋ ಬಂದು ಕೂತಿದಾನೆ ಕಣೇ” ಎಂದರು. ಕಚೇರಿಯಲ್ಲಿ ಒಂದು ಪುಟದ ಜಮಾಖರ್ಚನ್ನು ನಾಲ್ಕು ಸಲ ಕೂಡಿದರೆ ನಾಲ್ಕು ಬೇರೆ ಬೇರೆ ಮೊತ್ತ ಬರುತ್ತಿತ್ತಂತೆ. ಸಿಡುಕು, ಚಡಪಡಿಕೆ, ಗಮನ ನಿಲ್ಲದಿರುವುದು, ಅಕಾರಣ ದುಃಖ, ನಿದ್ದೆಗೇಡು, ಹಸಿವು ಇವೆಲ್ಲ ನಿಕೋಟಿನ್ನಿನ ಗೈರುಹಾಜರಿಯ ಲಕ್ಷಣಗಳೆಂದು ವೈದ್ಯಗ್ರಂಥಗಳು ಹೇಳುತ್ತವೆ. ಅವು ಆ ಮನುಷ್ಯನ ಗುಣವಲ್ಲ. ಮನೆಯವರು ಇದೊಂದನ್ನು ತಿಳಿದುಕೊಂಡರೆ ಎಷ್ಟೋ ಜಗಳಗಳು ಹುಟ್ಟುವುದೇ ಇಲ್ಲ.

ಎರಡನೆಯ ವಾರ ಒಂದು ಹೊಸ ತೊಂದರೆ ತಲೆದೋರಿತು. ಎದೆ ಡವಗುಟ್ಟುವುದು, ಕೈ ನಡುಗುವುದು, ರಾತ್ರಿ ಎರಡಾದರೂ ಕಣ್ಣು ಮುಚ್ಚದಿರುವುದು. ಹೃದಯಕ್ಕೇನೋ ಆಯಿತೆಂದು ನಾನು ಹೆದರಿದೆ. ಔಷಧಶಾಸ್ತ್ರ ಓದಿದ್ದ ನನ್ನ ತಂಗಿಯ ಮಗಳು, “ದೊಡ್ಡಮ್ಮ, ದೊಡ್ಡಪ್ಪ ದಿನಕ್ಕೆ ಎಷ್ಟು ಕಾಫಿ ಕುಡೀತಾರೆ?” ಎಂದು ಕೇಳಿದಳು. ಆರು ಲೋಟ. ಅವಳು ವಿವರಿಸಿದ್ದು ಇದು: ಹೊಗೆಯಲ್ಲಿರುವ ಟಾರಿನ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಕಾಫಿಯ ಕೆಫೀನನ್ನು ಕರಗಿಸಿ ಹಾಕುವುದು ಅದೇ ಕಿಣ್ವ. ಹೀಗಾಗಿ ಸೇದುವವರು ಎಷ್ಟು ಕುಡಿದರೂ ಬೇಗ ಕರಗುತ್ತದೆ. ಬಿಟ್ಟ ಕೆಲವೇ ದಿನಗಳಲ್ಲಿ ಕಿಣ್ವ ತನ್ನ ಸಹಜ ವೇಗಕ್ಕೆ ಇಳಿಯುತ್ತದೆ. ಆಗ ಅದೇ ಆರು ಲೋಟ ದೇಹಕ್ಕೆ ಹೆಚ್ಚುಕಡಿಮೆ ಹನ್ನೆರಡು ಲೋಟದಷ್ಟಾಗುತ್ತದೆ. ಮೈಸೂರು ಸೀಮೆಯ ಮನೆಗಳಲ್ಲಿ ಸಿಗರೇಟು ಬಿಟ್ಟವನು ಮೊದಲು ಕೈಚಾಚುವುದು ಕಾಫಿಗೇ ಅಲ್ಲವೆ! ಮರುದಿನದಿಂದ ಮೂರೇ ಲೋಟ ಎಂದು ಗೊತ್ತುಮಾಡಿದೆ; ನಾಲ್ಕು ದಿನಗಳಲ್ಲಿ ನಿದ್ದೆ ಬಂತು. ಇದೇ ಕಾರಣಕ್ಕೆ ಉಬ್ಬಸದ ಥಿಯೋಫಿಲಿನ್ ಮುಂತಾದ ಕೆಲವು ಔಷಧಿಗಳ ಪ್ರಮಾಣವನ್ನೂ ತಗ್ಗಿಸಬೇಕಾಗಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರೂ ತಮ್ಮ ವೈದ್ಯರಿಗೆ ಬಿಟ್ಟ ಸಂಗತಿಯನ್ನು ತಿಳಿಸಬೇಕು. ಹೇಳುವ ಗೊಡವೆಗೇ ಹೋಗದವರು ಬಹಳ.

ಸಣ್ಣಪುಟ್ಟವು ಇನ್ನೂ ಇದ್ದವು. ಬಾಯಲ್ಲಿ ಹುಣ್ಣು, ಮೊದಲ ಎರಡು ವಾರಗಳಲ್ಲಿ ಅನೇಕರಿಗೆ ಆಗುವಂಥದು, ತಾನಾಗಿ ಮಾಯುತ್ತದೆ. ಮಲಬದ್ಧತೆ, ಬೆಳಗಿನ ಸಿಗರೇಟಿನ ಆಸರೆಯಿಲ್ಲದೆ ಕರುಳು ಮುಷ್ಕರ ಹೂಡುತ್ತದೆ. ಈ ವಿಷಯವನ್ನು ಗೌರವಸ್ಥರು ಬರೆಯುವುದಿಲ್ಲ, ಆದರೆ ಇದಕ್ಕಾಗಿಯೇ ಮತ್ತೆ ಸೇದಲು ಹೋದವರನ್ನು ನಾನು ಬಲ್ಲೆ. ಬಿಸಿನೀರು, ಸೊಪ್ಪಿನ ಪಲ್ಯ, ರಾತ್ರಿ ನೆನೆಸಿದ ಒಣದ್ರಾಕ್ಷಿ ನಮ್ಮ ಮನೆಯಲ್ಲಿ ಕೆಲಸ ಮಾಡಿದವು. ಕೆಮ್ಮು ಮಾತ್ರ ಕಡಿಮೆಯಾಗುವ ಬದಲು ಹೆಚ್ಚಾಯಿತು. ಸಿಗರೇಟು ಬಿಟ್ಟದ್ದೇ ಕೆಮ್ಮಿಗೆ ಕಾರಣವೆಂದು ಕಚೇರಿಯ ಗೆಳೆಯರು ತೀರ್ಮಾನ ಕೊಟ್ಟುಬಿಟ್ಟರು. ಶ್ವಾಸನಾಳದ ಒಳಗೋಡೆಯಲ್ಲಿ ಕಸ ಗುಡಿಸುವ ಸೂಕ್ಷ್ಮ ರೋಮಗಳಿವೆ. ಹೊಗೆ ಅವನ್ನು ಸುಸ್ತುಗೊಳಿಸಿರುತ್ತದೆ. ಹೊಗೆ ನಿಂತಾಗ ಅವು ಮತ್ತೆ ಎದ್ದು ಗುಡಿಸತೊಡಗುತ್ತವೆ. ಹಲವರಲ್ಲಿ ಆ ಗುಡಿಸಿದ್ದೇ ಕೆಮ್ಮಾಗಿ, ಕಫವಾಗಿ ಬರುತ್ತದೆ. ಒಂದರಿಂದ ಒಂಬತ್ತು ತಿಂಗಳೊಳಗೆ ಕೆಮ್ಮೂ ಏದುಸಿರೂ ತಗ್ಗುತ್ತವೆ ಎಂಬುದು ವೈದ್ಯರ ಲೆಕ್ಕ. ಇವರಿಗೆ ಮೂರನೆಯ ತಿಂಗಳಲ್ಲಿ ತಗ್ಗಿತು. ಆದರೆ ಕಫದಲ್ಲಿ ರಕ್ತ ಕಂಡರೆ ಯಾವ ಲೆಕ್ಕವನ್ನೂ ಕಾಯದೆ ವೈದ್ಯರ ಬಳಿಗೆ ಓಡಬೇಕು.

ಕಷ್ಟಗಳನ್ನೇ ಹೇಳುತ್ತ ಹೋದೆ. ಒಂದು ಸಂತೋಷವನ್ನೂ ಹೇಳುತ್ತೇನೆ. ಫೆಬ್ರವರಿಯ ಒಂದು ಮಧ್ಯಾಹ್ನ ಊಟಕ್ಕೆ ಕುಳಿತವರು, “ಸಾರಿಗೆ ಎರಡು ಸಲ ಉಪ್ಪು ಹಾಕಿದೀಯೇನು?” ಎಂದು ಕೇಳಿದರು. ಹಾಕಿರಲಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಅಡುಗೆ ಸಪ್ಪೆಯೆಂದು ಅವರು ಹೇಳಿದ್ದರಿಂದ, ವರ್ಷದಿಂದ ವರ್ಷಕ್ಕೆ ಉಪ್ಪು ಖಾರಗಳನ್ನು ಏರಿಸುತ್ತ ಬಂದಿದ್ದೆ. ಮಕ್ಕಳು ಅದಕ್ಕೇ ಒಗ್ಗಿಹೋಗಿದ್ದರು. ಅಂದು ಅವರ ನಾಲಗೆ ಮೂವತ್ತು ವರ್ಷಗಳ ಹಿಂದಿನ ನನ್ನ ತವರುಮನೆಯ ಸಾರನ್ನು ಬೇಡಿತು. ಮೂಗೂ ಹಾಗೆಯೇ. ಹಿತ್ತಿಲ ಸಂಪಿಗೆಯ ವಾಸನೆ ನಡುಮನೆಗೆ ಬರುತ್ತದೆಂಬುದನ್ನು ಅವರು ಆ ವರ್ಷ ಹೊಸದಾಗಿ ಕಂಡುಹಿಡಿದರು. ತಮ್ಮ ಹಳೆಯ ಶಾಲನ್ನು ಮೂಸಿ, “ಇದನ್ನ ಹೊದ್ಕೊಂಡು ನಿನ್ ಪಕ್ಕದಲ್ಲಿ ಕೂತ್ಕೋತಿದ್ನಾ?” ಎಂದು ಕೇಳಿ, ತಾವೇ ಒಗೆಯಲು ಹೊರಟರು. ರುಚಿ ಮರಳಿದ್ದರ ಜೊತೆಗೆ ತೂಕವೂ ಬಂತು. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುವುದು ಸಾಮಾನ್ಯ. ಇವರು ಆರು ಏರಿಸಿಕೊಂಡರು. ಪ್ಯಾಂಟುಗಳನ್ನು ಬಿಚ್ಚಿ ಹೊಲಿಸಬೇಕಾಯಿತು. ಸಿಗರೇಟಿನ ಅಪಾಯದ ಮುಂದೆ ಆರು ಕಿಲೋ ಏನೂ ಅಲ್ಲ. ಆದರೂ ಹುರಿಗಡಲೆ ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿದೆ.

ಮನಸ್ಸಿನ ವಿಷಯವನ್ನು ಬರೆಯುವುದು ಕಷ್ಟ. ಸಿಗರೇಟು ಅವರ ದಿನಕ್ಕೆ ವಿರಾಮಚಿಹ್ನೆಯಾಗಿತ್ತು ಎಂದು ನನಗೆ ಅನ್ನಿಸುವುದುಂಟು. ಸ್ನಾನಕ್ಕೆ ಮುಂಚೆ ಒಂದು, ಕಚೇರಿಯ ಒಂದು ಕಡತ ಮುಗಿದರೆ ಒಂದು, ಊಟದ ಮೇಲೆ ಒಂದು, ಬಸ್ಸು ತಡವಾದರೆ ಒಂದು. ಅದನ್ನು ತೆಗೆದಾಗ ದಿನವೆಲ್ಲ ಅಲ್ಪವಿರಾಮವೂ ಪೂರ್ಣವಿರಾಮವೂ ಇಲ್ಲದ ಒಂದೇ ವಾಕ್ಯವಾಗಿಬಿಟ್ಟಿತು. ಊಟವಾದ ಮೇಲೆ ಜಗಲಿಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದರು. ಬಲಗೈ ಜೇಬಿಗೆ ಹೋಗಿ ಖಾಲಿ ಬರುತ್ತಿತ್ತು. ಒಂದು ದಿನ, “ಜೊತೇಲಿದ್ದವನೊಬ್ಬ ಸತ್ತುಹೋದ ಹಾಗಿದೆ. ಆದರೆ ಅವನು ಒಳ್ಳೆಯವನಾಗಿರಲಿಲ್ಲ ಅಂತ ಎಲ್ಲರೂ ಹೇಳ್ತಿರೋದರಿಂದ ಅಳೋ ಹಾಗಿಲ್ಲ” ಎಂದರು. ನಗಬೇಕೋ ಮರುಗಬೇಕೋ ತಿಳಿಯಲಿಲ್ಲ. ಕೈಗೆ ಕೆಲಸ ಬೇಕೆಂದು ಅವರೆಕಾಯಿ ಸುಲಿಯಲು ಕೊಟ್ಟೆ. ಆ ಋತುವಿನಲ್ಲಿ ಹಿತುಕಿದ ಬೇಳೆಗೆ ನಮ್ಮ ಮನೆಯಲ್ಲಿ ಕೊರತೆಯಿರಲಿಲ್ಲ. ಕನಸಿನಲ್ಲಿ ಸೇದಿ, ಬೆವೆತು ಎದ್ದು, “ಸೇದಿಬಿಟ್ನೇನೇ?” ಎಂದು ಕೇಳಿದ್ದೂ ಉಂಟು. ಇಂಥ ಕನಸುಗಳು ಬಿಟ್ಟವರಿಗೆ ತಿಂಗಳುಗಟ್ಟಲೆ ಬೀಳುತ್ತವೆ, ಅದರಿಂದ ಗಾಬರಿಯಾಗಬೇಕಿಲ್ಲ.

ಸಿಗರೇಟು ಮನಸ್ಸಿಗೆ ನೆಮ್ಮದಿ ಕೊಡುತ್ತದೆ ಎಂಬ ಮಾತನ್ನು ಸೇದುವವರೆಲ್ಲ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಕಳೆಯುವ ಕಳವಳದ ಬಹುಪಾಲು ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದುದರಿಂದ ಹುಟ್ಟಿದ್ದೇ. ಬಿಗಿಯಾದ ಚಪ್ಪಲಿಯನ್ನು ಗಂಟೆಗೊಮ್ಮೆ ಬಿಚ್ಚಿ ಹಾಯೆನಿಸಿಕೊಂಡು ಮತ್ತೆ ಹಾಕಿಕೊಂಡಂತೆ. ೨೦೧೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ೨೬ ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೇಖನವೊಂದನ್ನು ಪ್ರಕಟಿಸಿತು. ಸೇದುವುದನ್ನು ಮುಂದುವರಿಸಿದವರಿಗಿಂತ ಬಿಟ್ಟವರಲ್ಲಿ, ಮೊದಲ ವಾರಗಳು ಕಳೆದ ಮೇಲೆ, ಆತಂಕವೂ ಖಿನ್ನತೆಯೂ ತಗ್ಗಿದ್ದವು ಎಂಬುದು ಅದರ ತಾತ್ಪರ್ಯ. ಆದರೂ ಮೊದಲೇ ಖಿನ್ನತೆಯಿಂದ ಬಳಲಿದವರು ವೈದ್ಯರಿಗೆ ಹೇಳಿಯೇ ಬಿಡುವುದು ಲೇಸು. ಕತ್ತಲೆ ಕವಿದಂತಾಗಿ ವಾರಗಳು ಕಳೆದರೂ ತಿಳಿಯಾಗದಿದ್ದರೆ ಅದನ್ನು ಸಿಗರೇಟಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದು.

ಏಪ್ರಿಲ್ ಕಳೆಯಿತು, ಮಳೆಗಾಲ ಕಳೆಯಿತು. ಗೆದ್ದೆವೆಂದು ಎಲ್ಲರೂ ತಿಳಿದಿದ್ದಾಗ, ಹನ್ನೊಂದನೆಯ ತಿಂಗಳಲ್ಲಿ, ಅವರ ಅಣ್ಣ ತೀರಿಕೊಂಡರು. ತಂದೆಯಿಲ್ಲದ ಮನೆಯಲ್ಲಿ ಇವರನ್ನು ಓದಿಸಿದ ಅಣ್ಣ. ಸ್ಮಶಾನದಲ್ಲಿ ಚಿತೆಗೆ ಬೆಂಕಿಯಿಟ್ಟು ದೂರ ಬಂದು ಕುಳಿತಾಗ ಯಾರೋ ಬೀಡಿ ಹಚ್ಚಿ ಕೈಗೆ ಕೊಟ್ಟರಂತೆ, ಇವರು ಸೇದಿದರಂತೆ. ಹದಿಮೂರನೆಯ ದಿನದ ಹೊತ್ತಿಗೆ ದಿನಕ್ಕೆ ಹತ್ತಾಗಿತ್ತು. ನನಗೆ ಗೊತ್ತಾಯಿತೆಂದು ಅವರಿಗೆ ಗೊತ್ತಿತ್ತು. ಹೊಗೆಯ ವಾಸನೆ ಬರದಂತೆ ಪಚ್ಚಕರ್ಪೂರ ಹಾಕಿದ ಅಡಕೆಪುಡಿ ಅಗಿದು ಒಳಗೆ ಬರುತ್ತಿದ್ದರು. ಐವತ್ತೇಳು ವರ್ಷದ ಮನುಷ್ಯ ಹೈಸ್ಕೂಲು ಹುಡುಗನಂತೆ ಬಾಗಿಲಲ್ಲಿ ತಡೆದು ನಿಲ್ಲುವುದನ್ನು ನೋಡುವುದು ನನಗೆ ಸಾಧ್ಯವಾಗಲಿಲ್ಲ. ಒಂದು ಸಂಜೆ ಜಗಲಿಗೆ ಹೋಗಿ ಪಕ್ಕದಲ್ಲಿ ಕುಳಿತೆ. “ಕದ್ದು ಸೇದಬೇಡಿ, ಇಲ್ಲೇ ಸೇದಿ” ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಅಣ್ಣನ ವಿಷಯ ಹೇಳತೊಡಗಿದರು. ತಮ್ಮ ಎಸ್ಸೆಸ್ಸೆಲ್ಸಿ ಫೀಸಿಗಾಗಿ ಅಣ್ಣ ತನ್ನ ಸೈಕಲ್ಲು ಮಾರಿದ್ದು, ಆ ಮೇಲೆ ಎರಡು ವರ್ಷ ಆರು ಮೈಲಿ ನಡೆದು ಕೆಲಸಕ್ಕೆ ಹೋದದ್ದು. ಸತ್ತ ದಿನದಿಂದ ಅವರು ಅತ್ತಿರಲಿಲ್ಲ. ಆ ಸಂಜೆ ಅತ್ತರು. ಮೊದಲ ವರ್ಷದೊಳಗೆ ಸಾವು, ಸೋಲು, ದೊಡ್ಡ ಸಂತೋಷ ಯಾವುದು ಬಂದರೂ ದೇಹ ಹಳೆಯ ಮದ್ದನ್ನೇ ಕೇಳುತ್ತದೆಂದು ಈಗ ನಾನು ಬಿಡಹೊರಟವರಿಗೆಲ್ಲ ಮುಂಚಿತವಾಗಿಯೇ ಹೇಳುತ್ತೇನೆ.

೨೦೦೭ರ ಜನವರಿಯಲ್ಲಿ ಮತ್ತೆ ಅದೇ ವೈದ್ಯರ ಬಳಿಗೆ ಹೋದೆವು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಯಾವ ನೆರವೂ ಇಲ್ಲದೆ ಬರೀ ಹಟದಿಂದ ಬಿಡುವವರಲ್ಲಿ ಒಂದು ವರ್ಷ ದಾಟುವವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ; ಬಹುಮಂದಿ ಹಲವು ಸಲ ಬಿಟ್ಟು ಹಿಡಿದು ಕೊನೆಗೆ ಬಿಡುತ್ತಾರೆ. ನಿಕೋಟಿನ್ ಗಮ್ಮು, ಪಟ್ಟಿ ಮುಂತಾದವು ಗೆಲ್ಲುವ ಸಾಧ್ಯತೆಯನ್ನು ಸುಮಾರು ಒಂದೂವರೆ ಪಟ್ಟು ಮಾಡುತ್ತವೆ. ಪಂಥ ಬಿಟ್ಟು ೨ ಮಿಲಿಗ್ರಾಮಿನ ಗಮ್ಮು ತಂದೆವು. ಅದನ್ನು ಮಿಠಾಯಿಯಂತೆ ಒಂದೇ ಸಮನೆ ಅಗಿಯಬಾರದು. ನಾಲ್ಕಾರು ಸಲ ಅಗಿದು, ಖಾರ ಬಂದ ಕೂಡಲೆ ಕೆನ್ನೆಯ ಮೂಲೆಯಲ್ಲಿ ಒತ್ತರಿಸಿಟ್ಟು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ನಿಕೋಟಿನ್ ಸೇರುವುದು ಬಾಯಿಯ ಒಳಚರ್ಮದಿಂದ. ನುಂಗಿದರೆ ಹೊಟ್ಟೆಯುರಿ, ಬಿಕ್ಕಳಿಕೆ. ಎಲೆಯಡಿಕೆ ಹಾಕಿಕೊಳ್ಳುವ ನಮ್ಮವರಿಗೆ ಈ ವಿದ್ಯೆ ಬೇಗ ಕೈಹತ್ತಿತು. ಮೂರು ತಿಂಗಳಲ್ಲಿ ಗಮ್ಮನ್ನೂ ಬಿಟ್ಟರು. ಅಲ್ಲಿಂದ ಈಚೆಗೆ ಸೇದಿಲ್ಲ.

ಅಂಕಿಗಳನ್ನು ಕೇಳುವವರಿಗಾಗಿ ಒಂದೆರಡು ಹೇಳುತ್ತೇನೆ. ಬಿಟ್ಟು ಒಂದು ವರ್ಷವಾದರೆ, ಹೃದಯದ ರಕ್ತನಾಳಗಳ ರೋಗದ ಹೆಚ್ಚುವರಿ ಅಪಾಯ ಸೇದುವವರದ್ದರ ಅರ್ಧಕ್ಕಿಳಿಯುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಅರ್ಧಕ್ಕಿಳಿಯಲು ಸುಮಾರು ಹತ್ತು ವರ್ಷ ಬೇಕು. ಬ್ರಿಟನ್ನಿನ ರಿಚರ್ಡ್ ಡಾಲ್ ೧೯೫೧ರಲ್ಲಿ ಅಲ್ಲಿಯ ವೈದ್ಯರನ್ನೇ ಅಧ್ಯಯನಕ್ಕೆ ಆರಿಸಿಕೊಂಡು ಅವರ ಬದುಕು ಸಾವುಗಳನ್ನು ಲೆಕ್ಕವಿಡತೊಡಗಿದರು. ಐವತ್ತು ವರ್ಷಗಳ ಫಲಿತಾಂಶ ೨೦೦೪ರಲ್ಲಿ ಹೊರಬಂತು. ಮೊದಲು ಹೇಳಿದ ಪೀಟೊ ಅವರೂ ಅದರಲ್ಲಿ ಜೊತೆಗಾರರು. ಅದರ ಪ್ರಕಾರ ೬೦ನೆಯ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು ೩ ವರ್ಷ, ೫೦ರಲ್ಲಿ ಬಿಟ್ಟವರಿಗೆ ೬, ೪೦ರಲ್ಲಿ ೯, ೩೦ರಲ್ಲಿ ೧೦ ವರ್ಷ ಆಯುಸ್ಸು ಉಳಿಯುತ್ತದೆ. ಡಾಲ್ ತಾವೂ ಸೇದುತ್ತಿದ್ದು, ಇದಕ್ಕೂ ಮುಂಚಿನ ತಮ್ಮ ಅಧ್ಯಯನವೊಂದರ ಅಂಕಿಗಳನ್ನು ಕಂಡು ಬಿಟ್ಟವರು. ತೊಂಬತ್ತೆರಡು ವರ್ಷ ಬದುಕಿದರು. ನಮ್ಮ ಯಜಮಾನರು ಈ ಲೆಕ್ಕವನ್ನು ಓದಿ, “ನನಗೆ ಮೂರೂ ಅಲ್ಲ ಆರೂ ಅಲ್ಲ, ನಾಲ್ಕು ಅಂತಿಟ್ಕೋ” ಎಂದಿದ್ದರು. ಗುಮಾಸ್ತರ ಬುದ್ಧಿ.

ಮನೆಯವರಿಗೆ ನನ್ನದೊಂದು ಮಾತು. ಎಷ್ಟು ದಿನವಾಯಿತೆಂದು ಬಿಟ್ಟವನಿಗಿಂತ ಮೊದಲು ನೀವು ಎಣಿಸಬೇಡಿ, ಲೆಕ್ಕ ಅವನದು. ಅಂಗಿ ಮೂಸಬೇಡಿ. ನೆಂಟರಿಷ್ಟರ ಮುಂದೆ ಹೊಗಳಿ ಪೀಠಕ್ಕೇರಿಸಬೇಡಿ, ಏರಿಸಿದರೆ ಇಳಿಯಲು ಅವಮಾನವಾಗುತ್ತದೆ. ಸೇದಬೇಕೆಂಬ ಸೆಳೆತ ಬಂದಾಗ ಅದು ಕೊನೆಯಿಲ್ಲದ್ದೆಂದು ತೋರುತ್ತದೆ; ಗಡಿಯಾರ ನೋಡಿದರೆ ಬಹುಪಾಲು ನಾಲ್ಕೈದು ನಿಮಿಷಗಳದ್ದು. ಆ ನಿಮಿಷಗಳಿಗೆ ಒಂದು ಲೋಟ ನೀರು, ಬೀದಿಯ ಕೊನೆಯವರೆಗೆ ಒಂದು ನಡಿಗೆ, ಇಲ್ಲವೆ ಯಾರಾದರೊಬ್ಬರ ಮಾತು ಸಾಕಾಗುತ್ತದೆ. ನಮ್ಮ ಕಾಲದಲ್ಲಿರದ ಒಂದು ಅನುಕೂಲ ಈಗ ಇದೆ: ತಂಬಾಕು ಬಿಡುವವರಿಗೆ ನೆರವಾಗುವ ರಾಷ್ಟ್ರೀಯ ಉಚಿತ ದೂರವಾಣಿ, ೧೮೦೦-೧೧-೨೩೫೬. ೨೦೧೮ರ ಸೆಪ್ಟೆಂಬರಿನಿಂದ ಪೊಟ್ಟಣದ ಮೇಲೆಯೇ ಈ ಸಂಖ್ಯೆಯನ್ನು ಅಚ್ಚುಹಾಕತೊಡಗಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವೊಂದನ್ನು ತೆರೆದರು. ಸೇದುವವನ ಅಂಗೈಯಲ್ಲೇ ಬಿಡುವ ದಾರಿಯ ವಿಳಾಸ ಬರೆದಿರುವುದು ಚೋದ್ಯವಾದರೂ ಒಳ್ಳೆಯದೇ.

೨೦೧೨ರಲ್ಲಿ ಊದುವ ಪರೀಕ್ಷೆ ಮತ್ತೊಮ್ಮೆ ಆಯಿತು. ಅಂಕಿ ೨೦೦೬ರದ್ದಕ್ಕಿಂತ ಕಡಿಮೆಯಿತ್ತು, ಆದರೆ ವಯಸ್ಸಿಗೆ ತಕ್ಕಷ್ಟೇ ಕಡಿಮೆ. ವೈದ್ಯರು ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದರು, ಇದ್ದದ್ದು ಒಂದು, ಆಗಬಹುದಾಗಿದ್ದದ್ದು ಒಂದು. ಆ ಎರಡು ಗೆರೆಗಳ ನಡುವಿನ ಜಾಗದಲ್ಲೇ ನಾವು ಈಗ ಬದುಕುತ್ತಿದ್ದೇವೆ ಎಂದು ನನಗೆ ಆಗಾಗ ಅನ್ನಿಸುತ್ತದೆ. ಇಂದಿಗೂ ಬೆಳಿಗ್ಗೆ ಸಂಜೆ ಇನ್‌ಹೇಲರ್ ಬೇಕು. ಗ್ರಂಥಾಲಯದ ಏರಿನಲ್ಲಿ ಅರ್ಧಕ್ಕೆ ನಿಂತು, ಗುಲ್ಮೊಹರ್ ಮರವನ್ನು ನೋಡುವವರಂತೆ ನೋಡಿ, ಉಸಿರು ತಿರುಗಿಸಿಕೊಂಡು ಮುಂದೆ ಹೋಗುತ್ತಾರೆ. ಆದರೆ ಹೋಗುತ್ತಾರೆ.

ಸೆಳೆತ ಪೂರ್ತಿ ಹೋಯಿತೇ ಎಂದು ಕೇಳುವವರುಂಟು. ಕಳೆದ ವರ್ಷ ಹುಣಸೂರಿನ ಬಸ್ ನಿಲ್ದಾಣದ ಹೊರಗೆ ಆಟೋಗೆ ಕಾಯುತ್ತಿದ್ದೆವು. ಪಕ್ಕದಲ್ಲೊಬ್ಬ ಮುದುಕ ಬೀಡಿ ಹಚ್ಚಿದ. ಹೊಗೆ ನಮ್ಮ ಕಡೆಗೇ ತೇಲಿ ಬಂತು. ನಾನು ಸೆರಗನ್ನು ಮೂಗಿಗೆ ಹಿಡಿದು ಎರಡು ಹೆಜ್ಜೆ ಸರಿದೆ. ಇವರು ಸರಿಯಲಿಲ್ಲ, ಕಣ್ಣು ಅರೆಮುಚ್ಚಿ ಒಂದು ಉಸಿರು ಎಳೆದುಕೊಂಡು, “ಏನೋ ಹಳೇ ಊರಿನ ವಾಸನೆ ಬಂದಂಗಾಯ್ತು” ಎಂದರು. ಅಷ್ಟರಲ್ಲಿ ಆಟೋ ಬಂತು. ಚೀಲ ಎತ್ತಿಕೊಂಡು ಹತ್ತಿದರು.